ಸಹಿಗೊಬ್ಬ ಶಾಣ್ಯಾ

ಸಿಂಧನೂರಿನ ಆ ಖಾಸಗಿ ಆಸ್ಪತ್ರೆಯ ಡಾಕ್ಟರರಿಗೆ ರೋಗಿಯ ನಾಡಿ ಹಿಡಿದು, ಜೊತೆಗೆ ಬಂದವರ ಮುಖ ನೋಡುವ ಅಭ್ಯಾಸವಿತ್ತು. ‘ಮನ್ಯಾಗಿನವ್ರು ಯಾರ್ ಬಂದೀರಿ?’ ಎಂಬುದು ಅವರ ಮೊದಲ ಪ್ರಶ್ನೆ. ರೋಗಿ ಮನೋರೋಗದ ಮಾತ್ರೆ ನುಂಗುವವರಾದರೆ ಅದೇ ಕೊನೆಯ ಪ್ರಶ್ನೆ. ಮನೋರೋಗವಿದ್ದ ಮಾತ್ರಕ್ಕೆ ಯಾರ ಒಪ್ಪಿಗೆಯ ಹಕ್ಕೂ ಅಳಿಯದೆಂಬ ಕಾನೂನನ್ನು ನಾನೊಮ್ಮೆ ಅವರ ಕೋಣೆಯಲ್ಲೇ ಕೂತು ಅವರಿಗೆ ವಿವರಿಸಲು ಹೋದೆ. ಅವರು ಚಹಾ ತರಿಸಿದರು.

ಅಷ್ಟರಲ್ಲಿ ಪಾಮನಕಲ್ಲೂರಿನ ಹೆಣ್ಣುಮಗಳೊಬ್ಬಳು ಹೊಟ್ಟೆನೋವೆಂದು ಒಬ್ಬಳೇ ಬಂದಳು. ಆಕೆಯ ಹಳೆಯ ಚೀಟಿಯಲ್ಲಿ ಮನೋರೋಗದ ಮಾತ್ರೆಗಳಿದ್ದವು. ಪರದೆಯ ಹಿಂದೆ ಪರೀಕ್ಷಿಸಿ ಬಂದ ಡಾಕ್ಟರರು ಗರ್ಭಕೋಶ ತೆಗೆಯಬೇಕೆಂದರು; ಹೇಳಿದ್ದು ಆಕೆಗಲ್ಲ, ನರ್ಸಿಗೆ.

‘ತೆಗೀದಿದ್ರ ಏನಾಕ್ಕೈತ್ರಿ? ಗುಳಿಗಿಲೆ ನೋವು ಕಮ್ಮಿ ಆಗಂಗಿಲ್ಲೇನು?’ ಎಂದು ಆಕೆ ಕೇಳಿದಳು.

ಡಾಕ್ಟರರು ಉತ್ತರವಾಗಿ, ಬಾಗಿಲಲ್ಲಿ ಬಾಡಿಗೆಗೆ ಕಾದಿದ್ದ ಆಟೋದವನನ್ನು ಕರೆದು ಒಪ್ಪಿಗೆ ಪತ್ರ ಮುಂದಿಟ್ಟರು.

‘ಸಾಹೇಬ್ರ, ನಾ ಬಸ್‌ಸ್ಟ್ಯಾಂಡಿನಿಂದ ಕರಕೊಂಡ್ ಬಂದಾಂವ್ರೀ. ಈ ಅಕ್ಕಾರು ಯಾರಂತ ನನಗ ಗೊತ್ತಿಲ್ಲ.’

‘ನೀ ಶಾಣ್ಯಾ ಅದಿ, ತಲಿ ನೆಟ್ಟಗೈತಿ, ಅಷ್ಟು ಸಾಕು. ಸಹಿ ಹಾಕಲೇ.’

ಅವನು ಹೆದರಿ ಹಾಕಿಯೇಬಿಟ್ಟ.

ಆಕೆ ಮಂಚದಿಂದಿಳಿದು ಸೆರಗು ಸರಿಮಾಡಿಕೊಂಡಳು. ‘ಹಂಗಾರ ಸಹಿ ಮಾಡಿದಾಂವನ ಹೊಟ್ಟೀನ ಕೊಯ್ರಿ. ಗರ್ಭಕೋಶ ಸಿಗತೈತೇನು ನೋಡ್ರಿ!’

ಡಾಕ್ಟರರು ನನ್ನತ್ತ ತಿರುಗಿ, ‘ನೋಡಿದ್ರೇನ್ರಿ, ಹುಚ್ಚು ಎಷ್ಟು ಜೋರೈತಿ?’ ಎಂದು ಮರುಗಿದರು.

ಆಕೆ ಆಗಲೇ ಆಟೋ ಹತ್ತಿದ್ದಳು. ‘ನಡಿಯೋ ತಮ್ಮಾ, ಲಿಂಗಸುಗೂರು ಬಸ್ಸಿಗೆ ಬಿಡು. ಅಲ್ಲಿ ಕೇಳಿದ್ದಕ್ಕ ಉತ್ತರಾ ಕೊಡೋ ಡಾಕ್ಟರಮ್ಮ ಅದಾರಂತ.’