ಸೀಸೆಯ ರೈಲು

ಎರಡು ಪದಗಳು ಅಕ್ಕಪಕ್ಕ ಕುಳಿತರೆ ಸಾಕು, ಅವುಗಳ ಸಂಬಂಧವೇನೆಂದು ವಿಚಾರಿಸದೆ ನನಗೆ ಸಮಾಧಾನವಿಲ್ಲ. ಹೋಟೆಲಿನಲ್ಲಿ ಎದುರಿಗಿರುವ ಇಡ್ಲಿವಡೆ ದ್ವಂದ್ವ ಸಮಾಸವೆಂದು ನಿರ್ಧರಿಸುವಷ್ಟರಲ್ಲಿ ಸಾಂಬಾರು ಆರಿರುತ್ತದೆ. ಈ ಚಪಲವನ್ನು ವಿದ್ವತ್ತೆಂದು ತಪ್ಪು ತಿಳಿದವರು ಒಬ್ಬರೇ: ಐವತ್ತರ ದಶಕದ ಕೊನೆಯಲ್ಲಿ, ಶಿವಮೊಗ್ಗದಿಂದ ದಿನವೂ ರೈಲಿನಲ್ಲಿ ಹೋಗಿ ನಾನು ಗುಮಾಸ್ತಗಿರಿ ಮಾಡುತ್ತಿದ್ದ ಭದ್ರಾವತಿಯ ಕಾರ್ಖಾನೆಯೊಂದರ ಉಗ್ರಾಣಾಧಿಕಾರಿ ಬಸವರಾಜಪ್ಪನವರು.

ಒಂದು ದಿನ ಜರ್ಮನಿಯಿಂದ ಮರದ ಪೆಟ್ಟಿಗೆಯೊಂದು ಬಂತು. ಕಾಗದಪತ್ರಗಳಿಲ್ಲ, ಮೇಲೆ ‘ಫ್ಲಾಶೆನ್‌ತ್ಸುಗ್’ ಎಂಬ ಒಂದೇ ಪದ. ಅದೇನೆಂದು ರಿಜಿಸ್ಟರಿನಲ್ಲಿ ಬರೆಯುವ ಭಾರ ನನ್ನ ಮೇಲೆ ಬಿತ್ತು. ಹಳೆಯ ನಿಘಂಟು ತೆರೆದೆ. ಫ್ಲಾಶೆ ಎಂದರೆ ಸೀಸೆ, ತ್ಸುಗ್ ಎಂದರೆ ರೈಲು. ಷಷ್ಠೀ ತತ್ಪುರುಷ: ಸೀಸೆಯ ರೈಲು. ತ್ಸುಗ್ ಪದಕ್ಕೆ ಇನ್ನೂ ಹಲವು ಅರ್ಥಗಳಿದ್ದವು. ಮೊದಲನೆಯದೇ ಇಷ್ಟು ಸೊಗಸಾಗಿರುವಾಗ ಮುಂದೆ ಓದುವುದು ದುರಾಸೆ ಎನಿಸಿತು.

ಬಸವರಾಜಪ್ಪನವರು ಪೆಟ್ಟಿಗೆಯ ಕೆಳಗೆ ಹುಲ್ಲು ಹಾಸಿಸಿ, ‘ಗಾಜು, ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿ, ಕೋಣೆಗೆ ಬೀಗ ಹಾಕಿಸಿದರು. ಗಾಜು ಇಷ್ಟು ಭಾರವೇ ಎಂದು ಹಮಾಲರು ಕೇಳಿದರು. ಜರ್ಮನರ ಗಾಜು ಗಟ್ಟಿ ಎಂದೆ.

ನಾಲ್ಕನೆಯ ದಿನ ಮೇಸ್ತ್ರಿ ಆರುಮುಗಂ ಹಗ್ಗ ಕೇಳಲು ಬಂದ. ಮೋಟಾರೊಂದನ್ನು ಬಿದಿರಿಗೆ ಕಟ್ಟಿ ಆರು ಜನ ಎತ್ತಲು ಹೋಗಿ ಅವನ ಹೆಗಲು ಸುಲಿದಿತ್ತು, ಬಟ್ಟೆ ಕಟ್ಟಿಕೊಂಡಿದ್ದ. ಹಗ್ಗವಿದ್ದದ್ದು ಅದೇ ಕೋಣೆಯಲ್ಲಿ. ಬಾಗಿಲು ತೆಗೆಸಿದಾಗ ಪೆಟ್ಟಿಗೆಯ ಹಲಗೆ ಸಂದಿಯಲ್ಲಿ ಇಣುಕಿದ.

“ಇದು ಕಪ್ಪಿ, ಸಾರ್.”

“ನಾನೂ ಅದನ್ನೇ ಬರ್ದಿದ್ದೀನಲ್ಲ ಮಾರಾಯ. ಕುಪ್ಪಿ ಅಂದ್ರೂ ಸೀಸೆ ಅಂದ್ರೂ ಒಂದೇ.”

“ಕುಪ್ಪಿ ಅಲ್ಲ ಸಾರ್, ಕಪ್ಪಿ. ಭಾರ ಎತ್ತೋದು. ಇದು ಬರ್ಲಿ ಅಂತಾನೇ ನಾವು ಕಾಯ್ತಿರೋದು.”

ಒಡೆಸಿದರೆ ಒಳಗೆ ಕಬ್ಬಿಣದ ರಾಟೆ, ಸರಪಳಿ, ಕೊಕ್ಕೆ. ಯಂತ್ರ ಜೋಡಿಸಲು ಬಂದಿದ್ದ ಜರ್ಮನ್ ಎಂಜಿನಿಯರು ನನ್ನ ಅನುವಾದ ಕೇಳಿ ನಗಲಿಲ್ಲ. ರಾಟೆಯ ಕವಚ ಸೀಸೆಯಂತೆ ಕಾಣುವುದರಿಂದ ಅದು ಫ್ಲಾಶೆ, ತ್ಸುಗ್ ಎಂದರೆ ಮೂಲತಃ ಎಳೆತ, ಎಳೆದುಕೊಂಡು ಹೋಗುವುದರಿಂದಲೇ ರೈಲಿಗೂ ಆ ಹೆಸರು ಎಂದು ವಿವರಿಸಿದರು. ಅಂದರೆ ವ್ಯುತ್ಪತ್ತಿಯಲ್ಲಿ ನಾನು ಮುಕ್ಕಾಲು ಪಾಲು ಸರಿ; ಕಪ್ಪಿಗೆ ಒಂದು ಕೊಂಬು ಹೆಚ್ಚಾಗಿ ಬಂದಿತ್ತು, ಅಷ್ಟೆ! ಈ ಶುಭಸಮಾಚಾರ ತಿಳಿಸಲು, ಕಪ್ಪಿಯನ್ನು ತೊಲೆಗೆ ತೂಗುಹಾಕಿ ಮೋಟಾರಿಗೆ ಕೊಕ್ಕೆ ಸಿಕ್ಕಿಸಿದ್ದ ಶೆಡ್ಡಿಗೆ ಓಡಿದೆ.

ಆರುಮುಗಂ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಸರಪಳಿಯನ್ನು ನನ್ನ ಕೈಗಿತ್ತು ಎಳೆಯಲು ಹೇಳಿದ. ನಿಘಂಟಿಗಿಂತ ಭಾರವಾದದ್ದನ್ನು ಎಂದೂ ಎತ್ತದ ನಾನು ಎಳೆದೆ. ಆರು ಹೆಗಲುಗಳಿಗೆ ಬಗ್ಗದಿದ್ದ ಮೋಟಾರು ಮೆಲ್ಲಗೆ ನೆಲ ಬಿಟ್ಟು ಎದ್ದಿತು. ಸಮಾಸದ ಬಗ್ಗೆ ಇನ್ನೊಂದು ಮಾತು ಉಳಿದಿತ್ತು; ಅವನ ಹೆಗಲ ಬಟ್ಟೆ ನೋಡಿ ನುಂಗಿಕೊಂಡೆ. ತಪ್ಪಾಯಿತು ಎಂದೆ.

“ಪರವಾಗಿಲ್ಲ ಸಾರ್,” ಎಂದ, “ಎಳೀರಿ, ಇನ್ನೂ ಒಂದಡಿ ಇದೆ.”