ಇನ್ನೊಬ್ಬರ ಪಾಪಕ್ಕೊಂದು ಕೊಡ ನೀರು

೧೯೬೮ನೆಯ ಇಸವಿ ಮೇ ೧೧, ಶನಿವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಬಿರುಗಾಳಿಯು ಬೀಳಗಿಯ ನಮ್ಮ ಚರ್ಚಿನ ಹೆಂಚುಗಳನ್ನೂ ಪಡುವಣ ಗೋಡೆಯನ್ನೂ ಕೆಡವಿತು. ಜಮಖಂಡಿಯಿಂದ ಬೀಳಗಿಯವರೆಗಿನ ಸಭೆಗಳಲ್ಲಿ ಮೂವತ್ತೊಂದು ವರ್ಷ ಪಾಲಕರಾಗಿ ದುಡಿದು ಈಗ ನಿವೃತ್ತರಾಗುತ್ತಿರುವ ಪೂಜ್ಯ ಸತ್ಯಮಿತ್ರ ಜಕ್ಕಪ್ಪ ಅಯ್ಯನವರನ್ನು ಪಶ್ಚಾತ್ತಾಪದ ಬೋಧಕರೆಂದು ಎಲ್ಲರೂ ಬಲ್ಲರು. ಅವರು ಅದನ್ನು ಆ ಗೋಡೆಯ ಬಳಿ ಕಲಿತರೆಂಬುದನ್ನು ಬಲ್ಲವರು ಕಡಿಮೆ.

ಆಗ ನಮ್ಮ ಸಭೆ ಒಡೆಯುವುದರಲ್ಲಿತ್ತು. ತಂದೆಯ ನಂತರ ಚರ್ಚಿನ ಗಂಟೆ ಬಾರಿಸುವ ಹಕ್ಕು ಯಾರದೆಂದು ಸಭೆಯ ಇಬ್ಬರು ಸಹೋದರರು, ಅಣ್ಣ ನಾಮದೇವ, ತಮ್ಮ ಗಂಗಾರಾಮ, ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ತಮ್ಮನ ಕಡೆಯವರು ಅವನ ಹಿತ್ತಲಿನಲ್ಲಿ ಬೇರೆ ಚರ್ಚು ಕಟ್ಟಲು ತಗಡನ್ನೂ ತಂದಿದ್ದರು. ಬಿರುಗಾಳಿಯ ಮರುದಿನ ಬೇವಿನ ಮರದಡಿಯ ಆರಾಧನೆಯಲ್ಲಿ ಅಯ್ಯನವರು, ಈ ಗಾಳಿ ಅಣ್ಣತಮ್ಮಂದಿರ ಜಗಳಕ್ಕೆ ಬಂದ ದೇವರ ನ್ಯಾಯತೀರ್ಪು ಎಂದು ಸಾರಿದರು.

ಸೋಮವಾರ ಗೋಡೆ ಕಟ್ಟಲು ನೆರೆದವರು ತೀರ್ಪಿನ ಕಾರಣವನ್ನು ಎದುರು ಕಡೆಯವರಲ್ಲೇ ಹುಡುಕತೊಡಗಿದಾಗ ಅಯ್ಯನವರು ಒಂದು ನಿಯಮ ಮಾಡಿದರು: ತನ್ನ ಪಾಪವನ್ನು ಕುಳಿತೇ ಹೇಳಿಕೊಳ್ಳಬಹುದು, ಇನ್ನೊಬ್ಬರದನ್ನು ಎತ್ತಿದವರು ಬಾವಿಯಿಂದ ಒಂದು ಕೊಡ ನೀರು ತಂದು ಮಣ್ಣು ಕಲಸುವ ಹೊಂಡಕ್ಕೆ ಸುರಿಯಬೇಕು. ಮಧ್ಯಾಹ್ನದೊಳಗೆ ಹೊಂಡ ತುಂಬಿತು. ಗಂಗಾರಾಮರ ಪತ್ನಿ ಕೆಂಪವ್ವನವರಂತೂ ಕೊಡವನ್ನು ಕೆಳಗಿಡಲೇ ಇಲ್ಲ.

ಆಗ ಆ ಸಹೋದರರ ತಾಯಿ ಯಂಕವ್ವನವರು ಹೇಳಿದರು: “ಅಯ್ನೋರ, ನೀವೂ ಒಂದು ಕೊಡ ತರ್ರಿ. ನಿನ್ನಿ ಗಿಡದ ಕೆಳಗ ನಿಂತು ನನ್ನ ಮಕ್ಕಳ ಪಾಪ ಅಷ್ಟೂ ಹೇಳಿದ್ರಿ. ನಿಮ್ಮದು ಒಂದೂ ಹೇಳಲಿಲ್ಲ.”

ಅಯ್ಯನವರು ಕೋಟು ಬಿಚ್ಚಿಟ್ಟು ಕೊಡ ಹೊತ್ತರು. ಬಾವಿಯಿಂದ ಮರಳಿ ನೀರು ಸುರಿದು, ಇಬ್ಬರ ಮನೆಯಲ್ಲೂ ಉಂಡು ಇಬ್ಬರಿಗೂ ‘ನೀನೇ ಸರಿ’ ಎಂದದ್ದು ತಮ್ಮ ಪಾಪ ಎಂದು ಎಲ್ಲರೆದುರು ಒಪ್ಪಿಕೊಂಡರು.

ನಾಮದೇವರು ತಮ್ಮನ ಕಡೆ ತಿರುಗಿದರು. “ನಿನಗೂ ಹಂಗ ಅಂದಿದ್ರೇನೋ?”

“ಹೂಂ. ಹೋಳಿಗಿ ತಿನ್ಕೋತ ಅಂದ್ರು.”

ಎರಡು ವರ್ಷದ ಮೇಲೆ ಅವರಾಡಿದ ಮೊದಲ ಮಾತು ಅದು. ಮೊದಲು ನಕ್ಕವರು ಅಯ್ಯನವರೇ. ಆ ವಾರವೇ ಗಂಗಾರಾಮರ ತಗಡು ನಮ್ಮ ಚರ್ಚಿನ ಚಾವಣಿಯಾಯಿತು. ಗಂಟೆಯ ಹಗ್ಗವನ್ನು ಯಂಕವ್ವನವರು ತಮ್ಮ ಕೈಗೇ ತೆಗೆದುಕೊಂಡರು.

ಆಗ ಬಿ.ಎಸ್ಸಿ. ಓದುತ್ತ ರಜೆಗೆ ಬಂದಿದ್ದ ನಾನು ಹೊಸ ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಿ, ವಾಲಿದೆ, ಕೆಡವಿ ಕಟ್ಟಬೇಕೆಂದೆ. ಅಯ್ಯನವರು ನನ್ನ ಹೆಗಲ ಮೇಲೆ ಕೈಯಿಟ್ಟು, “ವಾಲಿದವರಽ ಕಟ್ಟೇವಪಾ. ನಿಂತೈತಲ್ಲ, ನಿಲ್ಲಲಿ,” ಎಂದರು. ಮುಂದೆ ಮುಧೋಳದಲ್ಲಾಗಲಿ ಲೋಕಾಪುರದಲ್ಲಾಗಲಿ, ಸಂಕಟ ಬಂದ ಮನೆಗೆ ಹೋದಾಗ ಅವರು ಮೊದಲು ತಮ್ಮ ತಪ್ಪನ್ನೇ ಹೇಳಿಕೊಳ್ಳುತ್ತಿದ್ದರು. ಎದುರಿಗಿದ್ದವರಿಗೆ ಅದರಿಂದಲೇ ಧೈರ್ಯ ಬರುತ್ತಿತ್ತು.

ಅವರಿಗೆ ದೇವರು ದೀರ್ಘಾಯುಷ್ಯವನ್ನೂ, ನಮ್ಮೆಲ್ಲರ ಮನೆಯ ಹೋಳಿಗೆ ಅರಗಿಸುವ ಆರೋಗ್ಯವನ್ನೂ ಕೊಡಲಿ. ಮುಧೋಳದ ಅವರ ಬೈಬಲ್ ತರಗತಿ ಮುಂದುವರಿಯಲಿ. ಈ ಲೇಖನಕ್ಕಾಗಿ ಕಳೆದ ತಿಂಗಳು ಅದೇ ಗೋಡೆಗೆ ಮತ್ತೆ ತೂಗುಗುಂಡು ಬಿಟ್ಟೆ. ಹನ್ನೊಂದು ಅಡಿ ಎತ್ತರಕ್ಕೆ ವಾಲು ಅಂದಿನಷ್ಟೇ ಇದೆ: ಅರ್ಧ ಇಂಚು.