ಒಳಬದಿಗೆ ಹೊಲಿದ ಹೆಸರು

ಟ್ರಂಕಿನ ಮುಚ್ಚಳ ತೆಗೆದದ್ದು ಮಗಳಿಗೊಂದು ಸ್ವೆಟರ್ ಹುಡುಕಲಿಕ್ಕೆ. ಮೂಡಿಗೆರೆಯ ಚಳಿ ನಿಮಗೂ ಗೊತ್ತಿರಬಹುದು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹಲ್ಲು ಕಟಕಟ ಎನ್ನುತ್ತದೆ. ನುಸಿಗುಳಿಗೆಯ ವಾಸನೆಯ ಜೊತೆ ಕೈಗೆ ಬಂದದ್ದು ಕಿತ್ತಳೆ, ಕಂದು ಪಟ್ಟೆಯ ನನ್ನದೇ ಹಳೇ ಸ್ವೆಟರ್. ಆಸ್ಪತ್ರೆಯಲ್ಲಿ ದಿನವಿಡೀ ರೋಗಿಗಳನ್ನು ಗದರಿಸಿಕೊಂಡಿರುವ ನರ್ಸು ನಾನು, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ ಚಿಕ್ಕಮಗಳೂರಿನಲ್ಲಿ ಅವ್ವ ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಹೋಗುತ್ತಿದ್ದಳು. ಮೇಜಿನ ಮೇಲೆ ಹರಡಿದ ಬೀಜದಲ್ಲಿ ಕಪ್ಪಾದದ್ದನ್ನು ಆರಿಸಿ ತೆಗೆಯುವ ಕೆಲಸ. ಮನೆಗೆ ಬಂದರೆ ಸೆರಗಿನಿಂದ ಹೊಟ್ಟಿನ ಧೂಳು ಉದುರುತ್ತಿತ್ತು. ನಮ್ಮ ಓಣಿಯ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಪಾಠ ಹೇಳಿಕೊಡಲು ಒಂದು ಟ್ರಸ್ಟಿನವರು ಕೋಣೆ ತೆರೆದಿದ್ದರು. ನಡೆಸುತ್ತಿದ್ದವರು ಲಲಿತಕ್ಕ, ಸಣ್ಣ ಆಳು, ದೊಡ್ಡ ದನಿ. ನಾನು ಹೋಗಲು ಶುರುಮಾಡಿದ್ದು ಅಲ್ಲಿ ಕೊಡುತ್ತಿದ್ದ ಹೆಸರುಕಾಳಿನ ಉಸಲಿಗಾಗಿ. ಭಿನ್ನರಾಶಿ ಆಮೇಲೆ ಅಂಟಿಕೊಂಡಿತು.

ಒಂದು ಚಳಿಗಾಲ ಎಸ್ಟೇಟಿನ ದಾನಿಯೊಬ್ಬರು ನಮಗೆಲ್ಲ ಸ್ವೆಟರ್ ಕೊಡಿಸಿದರು. ಎಲ್ಲವೂ ಕೆಂಡದಂಥ ಕಿತ್ತಳೆ, ಎದೆಯ ಮೇಲೆ ಟ್ರಸ್ಟಿನ ಹೆಸರಿನ ಪಟ್ಟಿ. ಹಾಕಿಕೊಂಡು ಶಾಲೆಗೆ ಹೋದ ದಿನವೇ ಹಿಂದಿನ ಬೆಂಚಿನವರು, "ಟ್ರಸ್ಟಿನ ಮಕ್ಳು ಬಂದ್ರು" ಎಂದು ಕೂಗಿದರು. ಸಂಜೆ ಸ್ವೆಟರ್ ಬಿಸಾಕಿ, ಇನ್ನು ಆ ಕೋಣೆಗೂ ಹೋಗುವುದಿಲ್ಲ ಎಂದೆ.

"ಹೋಗ್ಬೇಡ ಬಿಡು. ನಾಳೆಯಿಂದ ನನ್ ಜೊತೆ ಬೀಜ ಆರ್ಸಕ್ಕೆ ಬಾ," ಎಂದಳು ಅವ್ವ. ಬೆದರಿಕೆಯಲ್ಲ ಎಂದು ಅವಳ ಮುಖ ನೋಡಿದಾಗ ಗೊತ್ತಾಯಿತು. ಏಳನೇ ಕ್ಲಾಸಿನ ಲೆಕ್ಕ ಹೇಳಿಕೊಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ಫೇಲಾದ ಪಕ್ಕದ ಮನೆಯ ಹುಡುಗಿ ಆಗಲೇ ಓದು ಬಿಟ್ಟು ಬೀಜ ಆರಿಸುವ ಮೇಜಿಗೆ ಸೇರಿದ್ದಳು. ಇಷ್ಟೆಲ್ಲ ಗೊತ್ತಿದ್ದೂ ಹಟ ಬಿಡುವಷ್ಟು ಬುದ್ಧಿ ನನಗಿರಬೇಕಲ್ಲ!

ವಾರವಾದರೂ ನಾನು ಬಾರದ್ದು ನೋಡಿ ಲಲಿತಕ್ಕ ಮನೆಗೇ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ವೆಟರನ್ನು ಹಿಂದುಮುಂದು ತಿರುಗಿಸಿ ನೋಡಿ, "ಬಿಚ್ಚಿಬಿಡಿ ಮಾರಾಯ್ರೆ ಇದನ್ನ. ಉಲ್ಲನ್ ಏನೋ ಚೆನ್ನಾಗಿದೆ," ಎಂದು ಅವ್ವನ ಮಡಿಲಿಗೆ ಹಾಕಿದರು.

ಮುಂದಿನ ಭಾನುವಾರ ಆ ಕೋಣೆಯಲ್ಲಿ ಮಕ್ಕಳ ಬದಲು ತಾಯಂದಿರು, ಮಡಿಲಲ್ಲಿ ಬಿಚ್ಚಿದ ಸ್ವೆಟರುಗಳ ಉಲ್ಲನ್. ಹೆಣಿಗೆ ಬರುವವರು ಬಾರದವರಿಗೆ ಹೇಳಿಕೊಟ್ಟರು. ಮನೆಮನೆಯ ಹಳೇ ಉಲ್ಲನ್ನೂ ಸೇರಿ ಒಂದೊಂದು ಸ್ವೆಟರ್ ಒಂದೊಂದು ಥರ ಆಯಿತು. ಅವ್ವ ಹೆಣೆದದ್ದರಲ್ಲಿ ಒಂದು ತೋಳು ಉದ್ದ. ಅದೇ ಫ್ಯಾಶನ್ ಎಂದು ನಾನು ಶಾಲೆಯಲ್ಲಿ ಸಾಧಿಸಿದೆ. ಫೋಟೋಕ್ಕೆಂದು ಬಂದ ದಾನಿಗಳು, "ನಾನು ಕೊಟ್ಟ ಸ್ವೆಟರೆಲ್ಲ ಎಲ್ಲಿ ಹೋದ್ವಮ್ಮ?" ಎಂದರು.

"ಇವೇ ಸಾರ್. ಈಗ ಮಕ್ಕಳು ಹಾಕ್ಕೊಳ್ತಾರೆ," ಎಂದರು ಲಲಿತಕ್ಕ.

ದಾನಿಗಳು ಫೋಟೋ ಬೇಡ ಎಂದು, ನಮ್ಮ ಜೊತೆ ಉಸಲಿ ತಿನ್ನಲು ಕೂತರು.

ನಾನು ಮತ್ತೆ ಭಿನ್ನರಾಶಿಗೆ ಹೋದೆ. ಆದರೆ ಎದೆಯ ಹತ್ತಿರ ಏನೋ ಚುಚ್ಚುತ್ತಿತ್ತು. ನೋಡಿದರೆ ಆ ಹೆಸರಿನ ಪಟ್ಟಿಯನ್ನು ಅವ್ವ ಒಳಬದಿಗೆ ಹೊಲಿದಿದ್ದಳು. ಕಿತ್ತುಹಾಕು ಎಂದು ರಂಪ ಮಾಡಿದೆ.

"ಊರಿಗೆ ತೋರ್ಸೋದು ಬೇಡ ಅಂದ್ಯಲ್ಲ, ಸರಿ. ನಿಂಗಾದ್ರೂ ಗೊತ್ತಿರ್ಲಿ," ಎಂದಳು.

ಅವ್ವ ಈಗಿಲ್ಲ. ಸ್ವೆಟರ್ ಮೂಗಿಗೆ ಹಿಡಿದರೆ ಅವಳ ಹೊಟ್ಟಿನ ವಾಸನೆ ಬಂದೀತೇನೋ ಎಂಬ ಆಸೆ, ಬರುವುದು ನುಸಿಗುಳಿಗೆಯದ್ದೇ. ಗಂಡನ ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಆ ಕೋಣೆಯ ಸುದ್ದಿಯನ್ನು ನಾನು ಎತ್ತಿದವಳೇ ಅಲ್ಲ.

ಮಗಳು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಉದ್ದ ತೋಳನ್ನು ಮಡಚಿಕೊಂಡಳು. ಆಮೇಲೆ ಎದೆ ಕೆರೆದುಕೊಳ್ಳುತ್ತ, "ಏನೋ ಚುಚ್ತಿದೆ ಅಮ್ಮಾ," ಎಂದು ತೆಗೆದು ಒಳಮಗ್ಗುಲು ತಿರುಗಿಸಿದಳು. ಇಂಗ್ಲಿಷ್ ಶಾಲೆಯವಳು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಆ ಹೆಸರು ಓದಿದಳು. "ಯಾರಮ್ಮ ಇವ್ರು? ಕಿತ್ತುಹಾಕ್ಲಾ?"

ಕತ್ತರಿ ಕೈಗೆಟುಕುವಲ್ಲೇ ಇತ್ತು.

"ಬೇಡ, ಇರ್ಲಿ," ಎಂದೆ. "ನನ್ನ ಓದಿಸಿದೋರು. ಕೂತ್ಕೋ ಇಲ್ಲಿ, ಹೇಳ್ತೀನಿ."